ಬಾವಿ ನೀರನ್ನು ಕಾಪಾಡಲು ದುಡ್ಡು ಎಲ್ಲಿಂದ ತರುವುದು?

ಪ್ರಶ್ನೆ: ನಮ್ಮದು ಉಡುಪಿ ತಾಲೂಕಿನಲ್ಲಿ ಸ್ವರ್ಣಾ ಹೊಳೆಯ ಬದಿಯ ಒಂದು ಬೈಲು. 42 ಮನೆ, 31 ಬಾವಿ. ಮೇಲಿನ ಗುಡ್ಡೆಯಲ್ಲಿ ಕೆಲಸ ನಿಂತುಹೋದ ಕೆಂಪುಕಲ್ಲಿನ ಕೋರೆ ಇದೆ. ರಾತ್ರಿ ಹೊತ್ತು ಯಾರೋ ಟೆಂಪೊದಲ್ಲಿ ಕಸ ತಂದು ಅದಕ್ಕೆ ಸುರಿದು ಹೋಗುತ್ತಾರೆ. ಕಳೆದ ಜೂನ್‌ನಲ್ಲಿ ಏಳೆಂಟು ಮನೆಗಳಲ್ಲಿ ವಾಂತಿ ಭೇದಿ ಆಯಿತು. ಯುವಕ ಮಂಡಲದವರು ಸೇರಿ ನೀರಿನ ಸಮಿತಿ ಮಾಡಿದ್ದೇವೆ. ಮುಂಬೈಯಲ್ಲಿ ಹೋಟೆಲ್ ನಡೆಸುವ ನಮ್ಮೂರಿನವರೊಬ್ಬರು ಆರು ಲಕ್ಷ ರೂಪಾಯಿಯ ಆರ್‌ಒ ನೀರು ಶುದ್ಧೀಕರಣ ಘಟಕ ಹಾಕಿಸಿಕೊಡುತ್ತೇನೆ ಎಂದಿದ್ದಾರೆ. ದುಬೈಯಲ್ಲೂ ಅಮೆರಿಕದಲ್ಲೂ ಇರುವ ಹುಡುಗರು ಹಣ ಕಳಿಸಲು ತಯಾರಿದ್ದಾರೆ. ಪಂಚಾಯತ್‌ನಲ್ಲಿ ಕೇಳಿದರೆ ಖಾಸಗಿ ಬಾವಿಗೆ ಅನುದಾನ ಇಲ್ಲ ಎಂದರು. ಘಟಕ ತೆಗೆದುಕೊಳ್ಳಬಹುದೇ ಸರ್? ಬೇರೆ ಎಲ್ಲಿ ದುಡ್ಡು ಸಿಗುತ್ತದೆ?

ಉತ್ತರ: ಘಟಕದ ವಿಷಯ ಮೊದಲು ಹೇಳಿಬಿಡುತ್ತೇನೆ, ದಾನಿಗಳು ಕಾಯುತ್ತಿರುತ್ತಾರಲ್ಲ. ಘಟಕ ಬೇಡ. ದಾನಿಯನ್ನು ಮಾತ್ರ ಬಿಡಬೇಡಿ.

ಆರ್‌ಒ ಯಂತ್ರ ಇರುವುದು ಮುಖ್ಯವಾಗಿ ನೀರಿನಲ್ಲಿ ಕರಗಿದ ಲವಣ ತೆಗೆಯುವುದಕ್ಕೆ. ಪಾವಗಡದ ಕಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಬರುತ್ತದೆ, ಅಲ್ಲಿ ಅದರ ಅಗತ್ಯ ಇದೆ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ತೆರೆದ ಬಾವಿಗಳಲ್ಲಿ ಲವಣ ಮೊದಲೇ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ನಾನು ಮೀಟರ್ ಅದ್ದಿ ನೋಡಿದ ಬೈಲಿನ ಬಾವಿಗಳಲ್ಲಿ ಹೆಚ್ಚಿನವು ನೂರರ ಆಸುಪಾಸಿನಲ್ಲೇ ಇದ್ದವು. ಜೊತೆಗೆ ನಮ್ಮ ನೀರು ಸ್ವಲ್ಪ ಹುಳಿ, ಪಿಎಚ್ 6.5ಕ್ಕಿಂತ ಕೆಳಗೆ ಇರುವುದು ಇಲ್ಲಿ ಸಾಮಾನ್ಯ. ಅಂಥ ನೀರನ್ನು ಆರ್‌ಒಗೆ ಹಾಕಿದರೆ ಇದ್ದ ಚೂರುಪಾರು ಖನಿಜವೂ ಹೋಗಿ ಇನ್ನಷ್ಟು ಹುಳಿಯಾಗುತ್ತದೆ, ಒಂದು ಪಾಲು ನೀರು ಸುಮ್ಮನೆ ಚರಂಡಿಗೆ ಹರಿಯುತ್ತದೆ. ಹೊಳೆಬಾಯಿಯ ಹತ್ತಿರ, ಬೇಸಿಗೆಯಲ್ಲಿ ಉಪ್ಪುನೀರು ಒಳನುಗ್ಗುವ ಊರುಗಳ ಮಾತು ಬೇರೆ. ನಿಮ್ಮ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾಯಿಗೆ ಉಪ್ಪು ತಾಗುವುದಿಲ್ಲವಾದರೆ ಆ ಯಂತ್ರಕ್ಕೆ ನಿಮ್ಮಲ್ಲಿ ಕೆಲಸ ಇಲ್ಲ.

ಜೂನ್‌ನಲ್ಲಿ ಆದ ವಾಂತಿ ಭೇದಿ ಲವಣದಿಂದ ಬರುವಂಥದ್ದಲ್ಲ. ಅದು ಮಲದ ಬ್ಯಾಕ್ಟೀರಿಯದ ಲಕ್ಷಣ. ಮುರಕಲ್ಲು ತೂತುತೂತಾದ ಕಲ್ಲು. ಮೊದಲ ಮಳೆಗಳಿಗೆ ನೆಲದೊಳಗಿನ ನೀರು ಕೆಲವೇ ದಿನಗಳಲ್ಲಿ ಮೇಲೆ ಏರುತ್ತದೆ. ಬೇಸಿಗೆಯಿಡೀ ಟಾಯ್ಲೆಟ್ ಗುಂಡಿಯ ಸುತ್ತ ಮಣ್ಣಿನಲ್ಲಿ ಕುಳಿತದ್ದನ್ನೆಲ್ಲ ತೊಳೆದುಕೊಂಡು ಬಾವಿಗೆ ಇಳಿಸುತ್ತದೆ. ಗುಂಡಿಗೂ ಬಾವಿಗೂ 15 ಮೀಟರ್ ಅಂತರ ಇರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುರಕಲ್ಲಿನ ಇಳಿಜಾರಿನಲ್ಲಿ ಗುಂಡಿ ಮೇಲೆ, ಬಾವಿ ಕೆಳಗೆ ಇದ್ದರೆ ಅಷ್ಟೂ ಸಾಲುವುದಿಲ್ಲ. ಹತ್ತು, ಹದಿನೈದು ಸೆಂಟ್ಸ್ ಜಾಗದ ಮನೆಗಳಲ್ಲಿ ಅಷ್ಟು ಅಂತರವನ್ನಾದರೂ ಎಲ್ಲಿಂದ ತರುವುದು ಎಂಬುದು ನಿಜವಾದ ಕಷ್ಟ.

ಕುಂದಾಪುರ ಕಡೆಯ ಒಂದು ಬೈಲಿನಲ್ಲಿ ನಡೆದದ್ದು ಹೇಳುತ್ತೇನೆ. ಮೃಗಶಿರ ಮಳೆ ಹಿಡಿದ ವಾರ. 16 ಮನೆಗಳ ಬಾವಿ ನೀರನ್ನು ಎಚ್2ಎಸ್ ಸೀಸೆಗಳಲ್ಲಿ (ಮಲದ ಬ್ಯಾಕ್ಟೀರಿಯ ಇದ್ದರೆ ಇವುಗಳಲ್ಲಿ ನೀರು ಕಪ್ಪಾಗುತ್ತದೆ) ತುಂಬಿಸಿ, ಮನೆಯ ಹೆಸರಿನ ಚೀಟಿ ಅಂಟಿಸಿ, ಒಂದು ಮನೆಯ ಬಚ್ಚಲೊಲೆಯ ಪಕ್ಕ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ಆ ಪರೀಕ್ಷೆಗೆ ಬೆಚ್ಚಗಿನ ಜಾಗ ಬೇಕು, ಮಳೆಗಾಲದಲ್ಲಿ ಬಚ್ಚಲೊಲೆಗಿಂತ ಒಳ್ಳೆಯ ಜಾಗ ನಮ್ಮಲ್ಲಿ ಇಲ್ಲ. ಮಾರನೆಯ ದಿನ ಸಂಜೆ ನೋಡಿದರೆ 11 ಸೀಸೆ ಕಾಡಿಗೆಯ ಹಾಗೆ ಕಪ್ಪಾಗಿದ್ದವು. ಮನೆಯ ಅಮ್ಮ ತಮ್ಮ ಸೀಸೆ ಕೈಯಲ್ಲಿ ಹಿಡಿದು, "ಮಾರಾಯ್ರೆ, ನಮ್ಮ ಬಾವಿ ನೀರು ಕನ್ನಡಿಯ ಹಾಗೆ ಉಂಟಲ್ಲ, ಇದು ಹೇಗೆ?" ಎಂದರು. ಅದೇ ಬೈಲಿನಲ್ಲಿ ಜನವರಿಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಕಪ್ಪಾದದ್ದು ಎರಡೇ ಎರಡು. ನೀರಿನ ಪರೀಕ್ಷೆ ಯಾವ ತಿಂಗಳು ಮಾಡಿದ್ದು ಎಂದು ಕೇಳದೆ ಯಾವ ವರದಿಯನ್ನೂ ನಂಬಬೇಡಿ.

ಈಗ ದುಡ್ಡಿನ ವಿಷಯ. ಇಷ್ಟು ವರ್ಷ ಊರೂರು ತಿರುಗಿ ನಾನು ಕಂಡದ್ದು ಇದು: ಕಣ್ಣಿಗೆ ಕಾಣುವ ವಸ್ತುವಿಗೆ ದುಡ್ಡು ಕೊಡುವವರು ಸಿಗುತ್ತಾರೆ, ತಿಂಗಳು ತಿಂಗಳು ಮಾಡಬೇಕಾದ ಸಣ್ಣ ಕೆಲಸಕ್ಕೆ ಸಿಗುವುದಿಲ್ಲ. ಟ್ಯಾಂಕಿ, ಘಟಕ, ಶೆಡ್ಡು ಎಂದರೆ ಉದ್ಘಾಟನೆ ಉಂಟು, ನಾಮಫಲಕ ಉಂಟು. ಸೀಸೆ, ಬ್ಲೀಚಿಂಗ್ ಪೌಡರ್, ಮನೆಮನೆಗೆ ಹೋಗಿ ಬರೆಯುವ ಪುಸ್ತಕ, ಅದನ್ನು ಬರೆಯುವ ಹುಡುಗಿಗೆ ಕೊಡಬೇಕಾದ ಬೈಕಿನ ಪೆಟ್ರೋಲ್ ಖರ್ಚು, ಇವಕ್ಕೆ ಉದ್ಘಾಟನೆ ಇಲ್ಲ. ನೀರನ್ನು ಕಾಯುವುದು ಇವೇ. ದಾನಿಯೊಬ್ಬರ ಹಣದಲ್ಲಿ ಘಟಕ ಹಾಕಿಸಲು ಒಮ್ಮೆ ನಾನೂ ಒಂದು ಊರಿನವರಿಗೆ ಸಹಾಯ ಮಾಡಿದ್ದೆ. ಮೂರನೇ ವರ್ಷ ಒಳಗಿನ ಮೆಂಬ್ರೇನ್ ಬದಲಿಸುವ ಹೊತ್ತಿಗೆ ದುಡ್ಡು ಯಾರು ಹಾಕುವುದು ಎಂಬ ಮಾತೇ ಮುಗಿಯಲಿಲ್ಲ. ಈಗ ಆ ಶೆಡ್ಡಿಗೆ ಬೀಗ. ನಿರ್ವಹಣೆಯ ಲೆಕ್ಕ ಹಾಕದೆ ಹೂಂ ಎಂದದ್ದು ನನ್ನ ತಪ್ಪು. ಆ ಬೀಗ ನೋಡಿದಾಗೆಲ್ಲ ಈಗಲೂ ಬೇಸರವಾಗುತ್ತದೆ.

ಆದ್ದರಿಂದ ಯಾವ ಖರ್ಚಿಗೆ ಯಾರ ಹಣ ಎಂದು ಮೊದಲು ವಿಂಗಡಿಸಿ. ದಿನನಿತ್ಯದ ಖರ್ಚು ಊರಿನದ್ದೇ ಆಗಿರಬೇಕು, ಇದರಲ್ಲಿ ನಾನು ರಾಜಿಗೆ ಬರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಮನೆಗೆ ತಿಂಗಳಿಗೆ 50 ರೂಪಾಯಿ ವಂತಿಗೆ ಎಂದರೆ 42 ಮನೆಗೆ ವರ್ಷಕ್ಕೆ 25,200 ರೂಪಾಯಿ. ಇದರಲ್ಲಿ ಬ್ಲೀಚಿಂಗ್ ಪೌಡರ್ ಎಷ್ಟು ಬೇಕು? ಬಾವಿಯ ಅಗಲ 3 ಮೀಟರ್, ಮಳೆಗಾಲದ ನೀರಿನ ಆಳ 4 ಮೀಟರ್ ಎಂದಿಟ್ಟುಕೊಳ್ಳಿ. ನೀರು ಸುಮಾರು 28,000 ಲೀಟರ್. ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಬಾವಿಗೆ 70 ಗ್ರಾಂ. 31 ಬಾವಿಗೆ ವಾರಕ್ಕೆ ಎರಡು ಕಿಲೋ ಚಿಲ್ಲರೆ, ಜೂನ್ ಮತ್ತು ಜುಲೈಯ ಎಂಟು ವಾರಕ್ಕೆ ಸುಮಾರು 18 ಕಿಲೋ. ಇಷ್ಟಕ್ಕೆ ಯಾವ ದಾನಿಯೂ ಬೇಕಾಗಿಲ್ಲ. ಒಂದೇ ಸಲ ಚೀಲ ತಂದು ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅದರ ಕ್ಲೋರಿನ್ ಹಾರಿಹೋಗಿ ಉಳಿಯುವುದು ಬರೀ ಸುಣ್ಣದ ಪುಡಿ. ಸಣ್ಣ ಪ್ಯಾಕೆಟ್ ತನ್ನಿ, ಬಾಯಿ ಬಿಗಿಯಾಗಿ ಕಟ್ಟಿ, ಕತ್ತಲೆಯ ಒಣ ಜಾಗದಲ್ಲಿ ಇಡಿ.

ಹಾಕುವ ಕ್ರಮವನ್ನೂ ಹೇಳುತ್ತೇನೆ, ಏಕೆಂದರೆ ಪುಡಿಯನ್ನು ನೇರವಾಗಿ ಬಾವಿಗೆ ಎಸೆಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮತ್ತೆ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಹಾಕಿದರೆ ಬೆಳಗಿನವರೆಗೆ ಯಾರೂ ಮುಟ್ಟುವುದಿಲ್ಲ, ಕ್ಲೋರಿನ್‌ಗೆ ಕೆಲಸ ಮಾಡಲು ಹೊತ್ತು ಸಿಗುತ್ತದೆ. ಬೆಳಿಗ್ಗೆ ಕ್ಲೋರೋಸ್ಕೋಪ್‌ನಲ್ಲಿ (ನೀರಿನ ಕ್ಲೋರಿನ್ ಅಳೆಯುವ ಸಣ್ಣ ಕಿಟ್) ನೋಡಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ನೀರು ಹುಳಿ ಎಂದೆನಲ್ಲ, ಅಂಥ ನೀರಿನಲ್ಲಿ ಕ್ಲೋರಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಲೋರಿನ್ ವಾಸನೆ ಆಗದವರು ಕುದಿಸಿ ಕುಡಿಯಲಿ, ಆದರೆ ಕುದಿಸಿದ ನೀರಿಗೆ ಬಿಸಿ ಜಾಸ್ತಿಯಾಯಿತೆಂದು ಅರ್ಧ ಲೋಟ ಹಸಿನೀರು ಸೇರಿಸುವ ನಮ್ಮ ಅಭ್ಯಾಸ ಬಿಡಬೇಕು.

ವಂತಿಗೆ ಕೊಡುವುದಿಲ್ಲ ಎನ್ನುವ ಮನೆಗಳು ಇದ್ದೇ ಇರುತ್ತವೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕೊಡುವಾಗ ಒಬ್ಬರು ಅಕ್ಕಿ, ಒಬ್ಬರು ತೆಂಗಿನಕಾಯಿ, ಇನ್ನೊಬ್ಬರು ಮೂರು ದಿನದ ಕರಸೇವೆ ಕೊಡುತ್ತಾರೆ. ಇಲ್ಲೂ ಹಾಗೇ ಇರಲಿ. ದುಡ್ಡು ಆಗದ ಮನೆಯವರು ಸೀಸೆ ಒಟ್ಟುಮಾಡಲು ಬರಲಿ, ಬಾವಿ ಕೆಸರು ತೆಗೆಯುವ ದಿನ ಹಗ್ಗ ಹಿಡಿಯಲಿ. ಪುಸ್ತಕದಲ್ಲಿ ಅದನ್ನೂ ವಂತಿಗೆಯ ಕಾಲಮಿನಲ್ಲೇ ಬರೆಯಿರಿ. ಆ ಪುಸ್ತಕ ಮುಂದೆ ದೊಡ್ಡ ಹಣ ಕೇಳುವಾಗ ಬೇಕಾಗುತ್ತದೆ.

ಪಂಚಾಯತ್‌ನವರು ಖಾಸಗಿ ಬಾವಿಗೆ ಅನುದಾನ ಇಲ್ಲ ಎಂದದ್ದು ಸರಿಯೇ. ಕೇಳಿದ್ದು ತಪ್ಪಾಯಿತು. ಎಲ್ಲರಿಗೂ ಸೇರಿದ ಕೆಲಸ ಕೇಳಿ: ಕೋರೆಯ ಕಸ ತೆಗೆಸುವುದು, ಅಲ್ಲಿಗೆ ಹೋಗುವ ದಾರಿಗೆ ಗೇಟು, ಗುಡ್ಡೆಯ ನೀರು ಕೋರೆಗೆ ಇಳಿಯದ ಹಾಗೆ ಕಣಿ (ಚರಂಡಿ), ಅಂಗನವಾಡಿಯ ಸಾರ್ವಜನಿಕ ಬಾವಿಗೆ ಕಟ್ಟೆ, ವರ್ಷಕ್ಕೆ ಎರಡು ಸಲ ಪ್ರಯೋಗಾಲಯದ ಪರೀಕ್ಷೆ. 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗವನ್ನು ನಿರ್ದಿಷ್ಟ ಕೆಲಸಗಳಿಗೇ ಕಟ್ಟಿಹಾಕಿದ್ದರು. ಅದರಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ, ಇನ್ನರ್ಧ ನೈರ್ಮಲ್ಯಕ್ಕೆ. ಕೋರೆಯ ಕಸ ನೀರಿನ ಪಾಲಿನಲ್ಲಿ ಕೂರದಿದ್ದರೆ ನೈರ್ಮಲ್ಯದ ಪಾಲಿನಲ್ಲಿ ಕೂರುತ್ತದೆ ಎಂದು ಪಿಡಿಒ ಅವರ ಎದುರು ಕುಳಿತು ಮಾತಾಡಬಹುದಾಗಿದ್ದದ್ದು ಇದರಿಂದಲೇ. ಆಯೋಗ ಬದಲಾದಂತೆ ಪಾಲಿನ ಲೆಕ್ಕ ಬದಲಾಗಬಹುದು, ತಟ್ಟಬೇಕಾದ ಬಾಗಿಲು ಮಾತ್ರ ಅದೇ. ಕೆಲಸ ಪಂಚಾಯತ್‌ನ ವಾರ್ಷಿಕ ಅಭಿವೃದ್ಧಿ ಯೋಜನೆಯ ಪಟ್ಟಿಯಲ್ಲಿ ಸೇರಬೇಕು. ಆ ಪಟ್ಟಿ ಮಾಡುವ ಅಭಿಯಾನ 2018ರಿಂದ ಅಕ್ಟೋಬರ್ 2ಕ್ಕೆ ಶುರುವಾಗುತ್ತ ಬಂದಿದೆ. ಗ್ರಾಮಸಭೆಯ ದಿನ ಎದ್ದು ನಿಂತು ಜೋರು ಮಾತಾಡಿದರೆ ಚಪ್ಪಾಳೆ ಸಿಗುತ್ತದೆ, ಪಟ್ಟಿಗೆ ಸೇರುವುದಿಲ್ಲ. ಅದಕ್ಕೂ ಮೊದಲಿನ ವಾರ್ಡ್ ಸಭೆಯಲ್ಲಿ ಬರಹದಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ.

ಕಸ ಸುರಿಯುವುದನ್ನು ನಿಲ್ಲಿಸಲು ದುಡ್ಡಿಗಿಂತ ಪಂಚಾಯತ್‌ನ ನಿರ್ಣಯ, ಟೆಂಪೊ ನಂಬರಿನ ಒಂದು ಫೋಟೊ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ದೂರು ಹೆಚ್ಚು ಕೆಲಸ ಮಾಡುತ್ತವೆ. ರಾತ್ರಿ ನೀವೇ ದಾರಿ ಕಟ್ಟಲು ಹೋಗಬೇಡಿ. ಇನ್ನೊಂದು, ಕೋರೆಯ ಕೊಳಚೆಯಲ್ಲಿ ಏನಿದೆ ಎಂದು ಕಪ್ಪಾಗುವ ಸೀಸೆ ಹೇಳುವುದಿಲ್ಲ. ಕೋರೆಯ ಕೆಳಗಿನ ಮೂರು ನಾಲ್ಕು ಬಾವಿಗಳ ನೀರನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್, ಕ್ಲೋರೈಡ್ ಪರೀಕ್ಷೆ ಮಾಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಬ್ಯಾಟರಿ, ಬಣ್ಣದ ಡಬ್ಬಿಗಳು ಕಸದಲ್ಲಿ ಕಂಡಿದ್ದರೆ ಸೀಸದಂಥ ಲೋಹಗಳ ಪರೀಕ್ಷೆಯನ್ನೂ ಕೇಳಿ. ಅದು ದುಬಾರಿ, ಆ ಒಂದು ಖರ್ಚಿಗೆ ದಾನಿಯ ನೆರವು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂದು ಕರೆಯುವ ಜಲ ಜೀವನ್ ಮಿಷನ್ ನಿಮ್ಮ ಸಮಿತಿಗೆ ಇರುವ ಇನ್ನೊಂದು ದಾರಿ. 2019ರ ಆಗಸ್ಟ್ 15ರಂದು ಘೋಷಣೆಯಾದದ್ದು, ಗುರಿ ತಲೆಗೆ ದಿನಕ್ಕೆ 55 ಲೀಟರ್. ಜನ ನಲ್ಲಿಯನ್ನು ಮಾತ್ರ ನೋಡಿದ್ದಾರೆ. ಅದರ ಮಾರ್ಗಸೂಚಿಯಲ್ಲಿ ನೀರಿನ ಗುಣಮಟ್ಟದ ತಪಾಸಣೆಗೆಂದೇ ಶೇ. 2 ಪಾಲು ಇದೆ, ಪ್ರತಿ ಗ್ರಾಮದಲ್ಲಿ ಐದು ಮಂದಿ ಹೆಂಗಸರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕು ಎಂದಿದೆ. ಪಂಚಾಯತ್‌ನ ಉಪಸಮಿತಿಯಾಗಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧ ಹೆಂಗಸರು. ನಿಮ್ಮ ಗ್ರಾಮದಲ್ಲಿ ಆ ಸಮಿತಿ ಕಾಗದದಲ್ಲಿ ಇದ್ದೇ ಇರುತ್ತದೆ. ಅದರ ಸದಸ್ಯರ ಪಟ್ಟಿ ಕೇಳಿ ಪಡೆಯಿರಿ, ಕಿಟ್ ಎಲ್ಲಿದೆ ಎಂದು ವಿಚಾರಿಸಿ. ಕಿಟ್ ಯಾವುದೋ ಕಪಾಟಿನಲ್ಲಿ ಇದ್ದು ರಾಸಾಯನಿಕದ ಅವಧಿ ಮುಗಿದಿದ್ದರೆ ಹೊಸದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಯುವಕ ಮಂಡಲದ ಸಮಿತಿಯಲ್ಲಿ ಹೆಂಗಸರು ಎಷ್ಟಿದ್ದಾರೆ ಎಂದು ನೀವು ಬರೆದಿಲ್ಲ. ಬಾವಿಯ ನೀರಿನ ಬಣ್ಣ, ವಾಸನೆ ಯಾವ ದಿನ ಬದಲಾಯಿತು ಎಂದು ಮೊದಲು ತಿಳಿಯುವುದು ಕೊಡಪಾನ ಎತ್ತುವವರಿಗೆ. ಹೆಂಗಸರ ಸಂಜೀವಿನಿ ಸ್ವಸಹಾಯ ಸಂಘದ ನಾಲ್ವರನ್ನಾದರೂ ಈಗಲೇ ಸೇರಿಸಿಕೊಳ್ಳಿ. ಪಂಚಾಯತ್‌ನ ನೀರು ಬಿಡುವ ನೀರುಗಂಟಿಯವರನ್ನೂ ಕರೆಯಿರಿ.

ದುಬೈ, ಅಮೆರಿಕದ ಹಣದ ಬಗ್ಗೆ ಎಚ್ಚರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವ ಹುಡುಗ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ, ತೆಗೆದುಕೊಳ್ಳಬಹುದು. ಅಮೆರಿಕದ ಪೌರತ್ವ ಪಡೆದವರು ನಮ್ಮೂರಿನವರೇ ಆದರೂ, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ, ಅವರ ಹಣ ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅಲ್ಲಿನ ಗೆಳೆಯರೆಲ್ಲ ಸೇರಿ ಒಬ್ಬನ ಖಾತೆಗೆ ಹಾಕಿ ಅವನು ಒಟ್ಟಿಗೆ ಕಳಿಸುವುದೂ ಬೇಡ. ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳಿಸಲಿ, ಪಾಸ್‌ಪೋರ್ಟ್ ಪ್ರತಿ ಕಡತದಲ್ಲಿ ಇರಲಿ. ಇಲ್ಲಿ ಸ್ವೀಕರಿಸುವ ಖಾತೆ ಅಧ್ಯಕ್ಷರ ಸ್ವಂತದ್ದಾಗಿರಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಜಂಟಿ ಸಹಿಯ ಖಾತೆ ತೆರೆಯಿರಿ, ಲೆಕ್ಕವನ್ನು ಪ್ರತಿ ತಿಂಗಳು ಅಂಗನವಾಡಿಯ ಗೋಡೆಗೆ ಅಂಟಿಸಿ. ಎಷ್ಟೋ ಒಳ್ಳೆಯ ಸಮಿತಿಗಳು ಒಡೆದದ್ದು ಗೂಗಲ್ ಪೇ ಲೆಕ್ಕದಲ್ಲಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ನೀವು ಕೇಳಿಲ್ಲ, ಆದರೆ ಮಂಗಳೂರು, ಉಡುಪಿಯಲ್ಲಿ ದೊಡ್ಡ ಕಂಪನಿಗಳು ಇರುವುದರಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2 ಭಾಗ ಖರ್ಚು ಮಾಡಬೇಕು, ಅದಕ್ಕೆ ಒಪ್ಪಿದ ಕೆಲಸಗಳ ಪಟ್ಟಿಯಲ್ಲಿ ಸುರಕ್ಷಿತ ಕುಡಿಯುವ ನೀರು ಹೆಸರಿಸಿಯೇ ಇದೆ. ಆದರೆ ನಿನ್ನೆ ಹುಟ್ಟಿದ ಸಮಿತಿಗೆ ಅದು ನೇರವಾಗಿ ಬರುವುದಿಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯ ನೋಂದಣಿ (12ಎ, 80ಜಿ ಎಂದು ಕರೆಯುತ್ತ ಬಂದದ್ದು), ಸಿಎಸ್‌ಆರ್ ನಂಬರು, ಮೂರು ವರ್ಷದ ಕೆಲಸದ ದಾಖಲೆ ಬೇಕು. ಅವೆಲ್ಲ ಇರುವ ಒಂದು ಟ್ರಸ್ಟ್ ಜೊತೆ ಸೇರಿ ಕೇಳಬಹುದು. ಕೇಳುವಾಗ ವಸ್ತು ಕೇಳಬೇಡಿ, ಮೂರು ವರ್ಷದ ಕೆಲಸ ಕೇಳಿ. ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷದವರೆಗೆ ನಡೆಯುವ ಯೋಜನೆಗೆ ನಿಯಮದಲ್ಲೇ ಅವಕಾಶ ಇದೆ, ಇದು ಕೇಳುವವರಿಗೂ ಗೊತ್ತಿಲ್ಲ, ಕೆಲವೊಮ್ಮೆ ಕೊಡುವವರಿಗೂ ನೆನಪಿರುವುದಿಲ್ಲ. ನಿಮ್ಮ ನೀರಿನ ಮೇಲೆಯೇ ಪರಿಣಾಮ ಇರಬಹುದಾದ ಉದ್ಯಮದಿಂದ ಹಣ ಬಂದರೆ ಒಂದು ಷರತ್ತು ಬರೆಸಿಕೊಳ್ಳಿ: ಪರೀಕ್ಷೆಯ ಫಲಿತಾಂಶ ಏನೇ ಬಂದರೂ ಸಮಿತಿ ಅದನ್ನು ಊರಿಗೆ ಓದಿ ಹೇಳುತ್ತದೆ. ಇದಕ್ಕೆ ಒಪ್ಪದ ಹಣ ಬೇಡ.

ಪರೀಕ್ಷೆಯ ಕೆಲಸಕ್ಕೆ ಕಾಲೇಜುಗಳನ್ನೂ ಕೇಳಿ. ಮಣಿಪಾಲ, ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ ಪ್ರಾಜೆಕ್ಟ್ ಬೇಕೇ ಬೇಕು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂಥ ಪ್ರಾಜೆಕ್ಟ್‌ಗಳಿಗೆ ಸಣ್ಣ ನೆರವನ್ನೂ ಕೊಡುತ್ತದೆ. 31 ಬಾವಿ, 42 ಗುಂಡಿಗಳ ನಕ್ಷೆಯನ್ನು ಅವರಿಂದ ಮಾಡಿಸಿಕೊಳ್ಳಿ.

ಇನ್ನು ಮುಂಬೈಯ ದಾನಿಗಳು. ಅವರಿಗೆ ಬೇಡ ಎಂದು ಪತ್ರ ಬರೆಯಬೇಡಿ, ಫೋನ್ ಮಾಡಿ. ಆರು ಲಕ್ಷದಲ್ಲಿ ಮೂರು ಲಕ್ಷ ಹೀಗೆ ಬಳಸುತ್ತೇವೆ ಎನ್ನಿ: ಕಟ್ಟೆ ಇಲ್ಲದ, ಮಳೆಯ ನೀರು ನೇರವಾಗಿ ಒಳಗೆ ಹರಿಯುವ ಬಾವಿಗಳಲ್ಲಿ ಕೈಲಾಗದ ಮನೆಗಳದ್ದಕ್ಕೆ ಕಟ್ಟೆ, ಸುತ್ತ ಸಿಮೆಂಟಿನ ಇಳಿಜಾರು, ಮೇಲೆ ಬಲೆ, ಬಾವಿಗೆ ತೀರಾ ಹತ್ತಿರದ ಎರಡೋ ಮೂರೋ ಟಾಯ್ಲೆಟ್ ಗುಂಡಿಗಳನ್ನು ಕೆಳಬದಿಗೆ ವರ್ಗಾಯಿಸುವುದು. ಉಳಿದ ಮೂರು ಲಕ್ಷ ಸಂಘದ ಹೆಸರಿನಲ್ಲಿ ಠೇವಣಿ. ಶೇ. 6 ಬಡ್ಡಿ ಎಂದರೂ ವರ್ಷಕ್ಕೆ 18,000 ರೂಪಾಯಿ, ಅದು ಪ್ರಯೋಗಾಲಯದ ಪರೀಕ್ಷೆಗೆ. ಅಸಲು ಮುಟ್ಟಲು ಮಹಾಸಭೆಯ ಮುಕ್ಕಾಲು ಪಾಲು ಒಪ್ಪಿಗೆ ಬೇಕೆಂದು ಬೈಲಾದಲ್ಲಿ ಬರೆಯಿರಿ. ಅಂಗನವಾಡಿಯ ಬಾವಿಕಟ್ಟೆಯ ಮೇಲೆ ಅವರ ತಂದೆ ತಾಯಿಯ ಹೆಸರು ಕೆತ್ತಿಸಿ, ಅದರಲ್ಲಿ ಮುಜುಗರ ಏನಿಲ್ಲ. ಸಂದೇಹ ಇದ್ದರೆ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಊರಿಗೆ ಬರಲು ಹೇಳಿ. ಬಚ್ಚಲೊಲೆಯ ಪಕ್ಕ 31 ಸೀಸೆ ಇಟ್ಟು, ಮಾರನೆಯ ಸಂಜೆ ಅವರನ್ನೇ ಒಳಗೆ ಕರೆದು ತೋರಿಸಿ.